ಸಹಾಯ ಬೇಕು: ರೋಡ್ ಬೈಕ್‌ಗೆ 28ರ ಟೈರ್ ಕೂರುತ್ತಾ?

ಬಳ್ಳಾರಿ ಕಡೆ ಸೈಕಲ್ ಹೊಡೆಯೋ ಅಣ್ಣಂದಿರು, ಅಕ್ಕಂದಿರು ಸ್ವಲ್ಪ ಹೇಳಿ. ನನ್ನ ಹತ್ತಿರ ಹಳೆಯ ರೋಡ್ ಬೈಕ್ ಇದೆ, ಅಂದ್ರೆ ಡಾಂಬರು ರಸ್ತೆಯಲ್ಲಿ ಜೋರಾಗಿ ಓಡಿಸೋ ಸೈಕಲ್. ಬಾಗಿದ ಹ್ಯಾಂಡಲ್, ರಿಮ್ ಬ್ರೇಕ್ (ಟೈರ್ ಮೇಲಿಂದ ಬಂದು ಚಕ್ರದ ರಿಮ್ ಹಿಡಿಯೋದು), ಟೈರ್ 700×23ಸಿ. ಅಂದ್ರೆ ಅಗಲ ಬರೀ 23 ಮಿ.ಮೀ.

ಕುರುಗೋಡು ಕಡೆ ಡಾಂಬರು ಚೆನ್ನಾಗಿರೋ ಜಾಗದಲ್ಲಿ ಗಾಡಿ ಹಾರುತ್ತೆ. ಹಗುರ, ಬಗ್ಗಿ ಕೂತರೆ ಎದುರುಗಾಳಿಯ ಕಾಟವೂ ಕಡಿಮೆ. ಅದನ್ನ ಮಾಡಿರೋದೇ ಅದಕ್ಕೆ ಅಲ್ವಾ. ಆದರೆ ಸಂಡೂರು ದಾರಿ ಬೇರೆ ಮಾತು. ಅದಿರು ಲಾರಿ ಓಡಾಡಿ ಅಂಚು ಕಿತ್ತುಹೋಗಿದೆ, ಬರೀ ಕೆಂಪು ಮಣ್ಣು, ಜಲ್ಲಿ. ಸಾಲದ್ದಕ್ಕೆ ಬಳ್ಳಾರಿ ಜಾಲಿ ಮುಳ್ಳು. ಟೈರ್ ಬಿಚ್ಚಿ ಒಳಗೆ ಬೆರಳು ಆಡಿಸಿದರೆ ಮುರಿದ ಮುಳ್ಳಿನ ತುದಿ ಕೈಗೆ ಚುಚ್ಚುತ್ತೆ, ಕಣ್ಣಿಗೆ ಕಾಣಲ್ಲ. ಗಾಳಿ 100 ಪಿಎಸ್‌ಐ ತುಂಬಿದರೆ ಕೈ ಜುಮ್ಮೆನ್ನುತ್ತೆ. ಇಳಿಸಿದರೆ ಗುಂಡಿಯಲ್ಲಿ ಟ್ಯೂಬ್ ರಿಮ್‌ಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು!

28ರ ಟೈರ್ ಹಾಕೋಣ ಅಂತಿದ್ದೇನೆ. ಬ್ರೇಕ್‌ಗೂ ಟೈರ್‌ಗೂ ನಡುವೆ ಈಗ ಪೆನ್ಸಿಲ್ ಬಿಗಿಯಾಗಿ ತೂರುತ್ತೆ, ಅಷ್ಟೇ ಜಾಗ. ದಪ್ಪ ಟೈರ್ ಎತ್ತರವೂ ಜಾಸ್ತಿ ಇರುತ್ತಲ್ಲ, ಉಜ್ಜುತ್ತಾ? ಯಾರಾದರೂ ಇಂಥ ಗಾಡಿಗೆ ಹಾಕಿದ್ದೀರಾ? ಇಲ್ಲ 25ಕ್ಕೇ ನಿಲ್ಲಿಸಲಾ?

ಇನ್ನೊಂದು. ಇದರದು ಸಣ್ಣ ಪ್ರೆಸ್ಟಾ ವಾಲ್ವ್. ನಮ್ಮ ಪಂಕ್ಚರ್ ಅಂಗಡಿಯ ಪಂಪ್ ಹಿಡಿಯಲ್ಲ. ಅದಕ್ಕೆ ಹಾಕೋ ಹಿತ್ತಾಳೆ ಅಡಾಪ್ಟರ್, ಟ್ಯೂಬ್ ಊರಲ್ಲೇ ಎಲ್ಲಿ ಸಿಗುತ್ತೆ?

ನೇರ ಹ್ಯಾಂಡಲ್, ದಪ್ಪ ಟೈರಿನ ಹೈಬ್ರಿಡ್ ಸೈಕಲ್ ತಗೋ ಅಂತ ಮಾತ್ರ ಹೇಳಬೇಡಿ. ಅದು ತಮ್ಮನ ಹತ್ತಿರ ಇದೆ, ಓಡಿಸಿ ನೋಡಿದ್ದೇನೆ, ಮನಸ್ಸಿಗೆ ಬರಲಿಲ್ಲ.