ಸಹಾಯ ಬೇಕು: ಸ್ಟಾರ್ ಟ್ರೆಕ್ ಕಾಲಾನುಕ್ರಮದಲ್ಲಿ ಖಾನ್‌ನನ್ನು ಎಲ್ಲಿ ಕೂರಿಸುವುದು?

ಎಲ್ಲರಿಗೂ ನಮಸ್ಕಾರ. ಸ್ಟಾರ್ ಟ್ರೆಕ್ ಎಂಬ ವಿಜ್ಞಾನ-ಕಥಾ ಟಿವಿ ಸರಣಿಗಳನ್ನು ಪ್ರಸಾರವಾದ ಕ್ರಮ ಬಿಟ್ಟು, ಕಥೆಯೊಳಗಿನ ಇಸವಿಗಳ ಪ್ರಕಾರ ಜೋಡಿಸುವ ಪಟ್ಟಿಯೊಂದನ್ನು ಮಾಡುತ್ತಿದ್ದೇನೆ. 2001ರಲ್ಲಿ ಆರಂಭವಾದ ‘ಎಂಟರ್‌ಪ್ರೈಸ್’ 2151ಕ್ಕೂ, 1966ರ ಮೂಲ ಸರಣಿ 2260ರ ದಶಕಕ್ಕೂ ಸಲೀಸಾಗಿ ಹೊಂದಿಕೊಂಡವು. ‘ನೆಕ್ಸ್ಟ್ ಜನರೇಶನ್’ ಇನ್ನೂ ಸುಲಭ. ಮೊದಲ ಸೀಸನ್ನಿನ ಕೊನೆಯ ಕಂತಿನಲ್ಲಿ ಡೇಟಾ ಎಂಬ ಆಂಡ್ರಾಯ್ಡ್ ಪಾತ್ರ ತಾನೇ ಇಸವಿ 2364 ಎಂದು ಹೇಳುತ್ತಾನೆ, ಸ್ಟಾರ್‌ಡೇಟ್‌ನ (ಕಥೆಯೊಳಗಿನ ದಿನಾಂಕ-ಸಂಖ್ಯೆ) ಎರಡನೆಯ ಅಂಕಿಯೂ ಸೀಸನ್ನಿನ ಸಂಖ್ಯೆಯನ್ನೇ ಸೂಚಿಸುತ್ತದೆ. (ಮೂಲ ಸರಣಿಯ ಸ್ಟಾರ್‌ಡೇಟ್‌ಗಳನ್ನು ನೆಚ್ಚಿಕೊಂಡವರ ಪಾಡು ಬೇರೆ.)

ತೊಡಕಿರುವುದು ಖಳನಾಯಕ ಖಾನ್‌ನದು. ಮೂಲ ಸರಣಿಯ 1967ರ ‘ಸ್ಪೇಸ್ ಸೀಡ್’ ಕಂತಿನ ಪ್ರಕಾರ ಅವನು 1990ರ ದಶಕದಲ್ಲಿ ಭೂಮಿಯ ದೊಡ್ಡ ಭಾಗವನ್ನು ಆಳಿದವನು. ಆದರೆ 2023ರಲ್ಲಿ ಬಂದ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಎರಡನೆಯ ಸೀಸನ್ನಿನ ಮೂರನೆಯ ಕಂತಿನಲ್ಲಿ, ಕಾಲಯಾನ ಮಾಡಿ 21ನೆಯ ಶತಮಾನದ ಟೊರಾಂಟೊಗೆ ಹೋದ, ಖಾನ್‌ನ ವಂಶದವಳೇ ಆದ ಲಾಆನ್‌ಳ ಎದುರು ಅವನು ಇನ್ನೂ ಚಿಕ್ಕ ಹುಡುಗನಾಗಿ ಕುಳಿತಿರುತ್ತಾನೆ. ಇದೆಲ್ಲ 1992ರಲ್ಲೇ ಆಗಬೇಕಿತ್ತು, ಕಾಲದಲ್ಲಿ ಯಾರ್ಯಾರೋ ಕೈಯಾಡಿಸಿದ್ದರಿಂದ ಮುಂದಕ್ಕೆ ಹೋಯಿತು ಎಂಬರ್ಥದ ಮಾತನ್ನು ರೋಮ್ಯುಲನ್ ಎಂಬ ಅನ್ಯಗ್ರಹ ಜನಾಂಗದ ಗೂಢಚಾರಿಣಿ ಬೇಸರದಿಂದ ಆಡುತ್ತಾಳೆ. ಈ ಮಾತನ್ನು ಒಪ್ಪಿ ಖಾನ್‌ನ ಸಾಲನ್ನೇ ಕೆಳಕ್ಕೆ ಸರಿಸಬೇಕೇ, ಅಥವಾ 2009ರ ಚಲನಚಿತ್ರದಲ್ಲಿ 2233ರಿಂದ ಕವಲೊಡೆದ ಕಾಲರೇಖೆಗೆ ಕೊಟ್ಟಂತೆ ಇದಕ್ಕೂ ಪ್ರತ್ಯೇಕ ಅಂಕಣ ಕೊಡಬೇಕೇ? ಸರಿಸುವುದೇ ಮೇಲೆಂದು ನನಗೆ ಅನ್ನಿಸಿದರೂ, ಆಗ 1967ರ ಸಂಭಾಷಣೆ ಸುಳ್ಳಾಗುತ್ತದೆ.

ಇನ್ನೊಂದು ಸಣ್ಣ ಸಂದೇಹ: ‘ಎಂಟರ್‌ಪ್ರೈಸ್’ನ ಕೊನೆಯ ಕಂತಿನ ಘಟನೆಗಳು 2161ರವು, ಆದರೆ ಅವುಗಳನ್ನು ‘ನೆಕ್ಸ್ಟ್ ಜನರೇಶನ್’ನ ಅಧಿಕಾರಿ ರೈಕರ್ 2370ರಲ್ಲಿ ಹೋಲೋಡೆಕ್‌ನಲ್ಲಿ (ದೃಶ್ಯಗಳನ್ನು ನಿಜದಂತೆ ಮರುಸೃಷ್ಟಿಸುವ ಕೋಣೆ) ನೋಡುತ್ತಿರುತ್ತಾನೆ. ನಿಮ್ಮ ಪಟ್ಟಿಗಳಲ್ಲಿ ಇದನ್ನು ಯಾವ ಇಸವಿಗೆ ಸೇರಿಸಿದ್ದೀರಿ, ಏಕೆ ಎಂದು ದಯವಿಟ್ಟು ತಿಳಿಸಿ.