ಹೊಸ ಆಕ್ಟಿವಾಗೆ ಮೊದಲು ಏನೇನು ಹಾಕಿಸಲಿ? ಮಳೆ ಜೋರಾಗುವ ಮುಂಚೆ ಹೇಳಿ

ಗಾಜನೂರು ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆ ಶಿವಮೊಗ್ಗದ ವಿನೋಬನಗರದಲ್ಲಿ, ಕೆಲಸ ಗಾಜನೂರಿನ ಹತ್ತಿರ ಒಂದು ಪ್ರೈಮರಿ ಶಾಲೆಯಲ್ಲಿ. ಇಷ್ಟು ವರ್ಷ ಬಸ್ಸಿನಲ್ಲೇ ಓಡಾಡಿದೆ. ಬೆಳಗಿನ ಬಸ್ಸು ತಪ್ಪಿದರೆ ಪ್ರಾರ್ಥನೆ ಮುಗಿದ ಮೇಲೇ ಶಾಲೆ ಸೇರುವುದು. ಈ ಸಲ ಬೇಸಿಗೆ ರಜೆಯಲ್ಲಿ ಆಕ್ಟಿವಾ 110 ತೆಗೆದುಕೊಂಡೆ. ಡ್ರಮ್ ಬ್ರೇಕಿನದು, ಬೂದು ಬಣ್ಣ. ನನ್ನ ಹೆಸರಿನಲ್ಲಿರುವ ಮೊದಲ ಗಾಡಿ, ತುಂಬಾ ಖುಷಿ ಇದೆ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಆಗಿದೆ, ಡಿಎಲ್ (ಪೂರ್ಣ ಲೈಸೆನ್ಸ್) ಟೆಸ್ಟ್ ಇನ್ನೂ ಆಗಬೇಕು. ಸಂಜೆ ಹೊತ್ತು ನನ್ನ ತಮ್ಮ ಹಿಂದೆ ಕೂತು ಕಲಿಸುತ್ತಿದ್ದಾನೆ.

ಡೆಲಿವರಿ ದಿನ ಶೋರೂಮಿನವರು ಒಂದು ಪಟ್ಟಿ ಕೈಗಿಟ್ಟರು. ಸುತ್ತ ಸ್ಟೀಲ್ ಗಾರ್ಡ್, ದಪ್ಪ ಸ್ಪಂಜಿನ ಸೀಟ್ ಕವರ್, ಫುಟ್‌ಮ್ಯಾಟ್, ಟೆಫ್ಲಾನ್ ಕೋಟಿಂಗ್, ಮೊಬೈಲ್ ಹೋಲ್ಡರ್. ಎಲ್ಲ ಸೇರಿ ಏಳು ಸಾವಿರದ ಮೇಲೆ. "ಎಲ್ಲರೂ ಹಾಕಿಸಲೇಬೇಕು ಮೇಡಂ" ಎಂದರು. ಯೋಚನೆ ಮಾಡಿ ಹೇಳುತ್ತೇನೆ ಎಂದು ಗಾಡಿ ಮಾತ್ರ ತಂದೆ. ತಮ್ಮ ಬೇರೆಯದೇ ಹೇಳುತ್ತಾನೆ. ತೀರ್ಥಹಳ್ಳಿ ರಸ್ತೆಯಲ್ಲಿ ಲಾರಿ, ಬಸ್ಸು ಜಾಸ್ತಿ, ಹಾಗಾಗಿ ಎಲ್‌ಇಡಿ ಫಾಗ್ ಲೈಟ್ ಮತ್ತು ಜೋರು ಹಾರ್ನ್ ಮೊದಲು ಎನ್ನುತ್ತಾನೆ.

ನನ್ನ ಹತ್ತಿರ ಇದಕ್ಕೆಂದು ಇರುವುದು ಆರು ಸಾವಿರ ರೂಪಾಯಿ. ನನ್ನ ಎತ್ತರ ಐದಡಿ. ಗಾಡಿ ಮೇಲೆ ಕೂತರೆ ಕಾಲಿನ ಬೆರಳ ತುದಿ ಮಾತ್ರ ಗಟ್ಟಿಯಾಗಿ ನೆಲಕ್ಕೆ ತಾಗುತ್ತದೆ. ಕನ್ನಡಕ ಇದೆ. ಹೆಚ್ಚಾಗಿ ಚೂಡಿದಾರ್, ಶಾಲೆಯ ಕಾರ್ಯಕ್ರಮ ಇದ್ದರೆ ಸೀರೆ. ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ನನ್ನ ಜೊತೆಗೇ ಬರುತ್ತೇನೆ ಎಂದಿದ್ದಾರೆ. ಅವರಿಗಾಗಿ ಹಿಂದೆ ಒರಗುವ ಬ್ಯಾಕ್‌ರೆಸ್ಟ್ ಹಾಕಿಸಲಾ? ಯಾವುದು ಬೇಕು, ಯಾವುದು ಬೇಡ, ದಯವಿಟ್ಟು ಹೇಳಿ.

ತುಂಗೆಯ ದಡ ಬರೆದದ್ದು:

ಟೀಚರೇ, ಮೊದಲು ಅಭಿನಂದನೆ. ನಾನು ತೀರ್ಥಹಳ್ಳಿ ಕಡೆ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವಳು. ಮಳೆಗಾಲ, ಚಳಿಗಾಲ ಎನ್ನದೆ ಸ್ಕೂಟರಿನಲ್ಲೇ ಹಳ್ಳಿಗಳನ್ನು ಸುತ್ತುತ್ತೇನೆ. ನಿಮ್ಮದು ನಾನು ದಿನಾ ನೋಡುವ ರಸ್ತೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆ ಪಟ್ಟಿಯಲ್ಲಿ ಯಾವುದೂ ಕಡ್ಡಾಯ ಅಲ್ಲ. ಶೋರೂಮಿನವರು ಕೊಡಲೇಬೇಕಾದದ್ದು ಬೇರೆ ಇದೆ. ಹೊಸ ಗಾಡಿಯ ಜೊತೆ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಡಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಜಾಗ, ಬಟ್ಟೆ ಚಕ್ರಕ್ಕೆ ಸಿಗದ ಹಾಗೆ ಅರ್ಧ ಚಕ್ರವನ್ನಾದರೂ ಮುಚ್ಚುವ ಗಾರ್ಡ್, ಇಷ್ಟೂ 123ನೇ ನಿಯಮದಲ್ಲಿವೆ. ನಿಮ್ಮ ಗಾಡಿಯಲ್ಲಿ ಸೀರೆ ಗಾರ್ಡ್ ಇದೆಯಾ ನೋಡಿ. ಇಲ್ಲದಿದ್ದರೆ ಹೋಗಿ ಕೇಳಿ.

ನಿಮ್ಮ ಆರು ಸಾವಿರದಲ್ಲಿ ದೊಡ್ಡ ಪಾಲು ನಿಮ್ಮ ಮೈಮೇಲೆ ಹಾಕುವ ವಸ್ತುಗಳಿಗೆ ಹೋಗಲಿ, ಗಾಡಿಯ ಮೇಲಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ. ಗಾಡಿಗೆ ಗೀಚು ಬಿದ್ದರೆ ಬಣ್ಣ ಹೊಡೆಸಬಹುದು.

ಹೆಲ್ಮೆಟ್ಟು ಫುಲ್ ಫೇಸ್ ತೆಗೆದುಕೊಳ್ಳಿ. ಹಿಂದೆ ಐಎಸ್‌ಐ ಗುರುತು ಮತ್ತು ಐಎಸ್ 4151 ಎಂಬ ನಂಬರ್ ಇರಬೇಕು. ಸಾವಿರದಿಂದ ಎರಡೂವರೆ ಸಾವಿರದೊಳಗೆ ಒಳ್ಳೆಯದು ಸಿಗುತ್ತದೆ. ಆನ್‌ಲೈನ್ ಬೇಡ, ಅಂಗಡಿಗೇ ಹೋಗಿ. ಕನ್ನಡಕ ಹಾಕಿಕೊಂಡೇ ನೋಡಿ. ಕೆಲವು ಹೆಲ್ಮೆಟ್ಟುಗಳಲ್ಲಿ ಕಿವಿ ಹತ್ತಿರದ ಸ್ಪಂಜು ಕನ್ನಡಕದ ಕಡ್ಡಿಯನ್ನು ಒತ್ತಿ ಅರ್ಧ ಗಂಟೆಯಲ್ಲಿ ತಲೆನೋವು ಬರುತ್ತದೆ. ಪಟ್ಟಿ ಬಿಗಿದು ತಲೆ ಆಡಿಸಿ. ಹೆಲ್ಮೆಟ್ಟಿನ ಜೊತೆ ಕೆನ್ನೆಯ ಚರ್ಮವೂ ಜರುಗಬೇಕು, ಹೆಲ್ಮೆಟ್ಟೊಂದೇ ತಿರುಗಿದರೆ ಅದು ದೊಡ್ಡದಾಯಿತು ಎಂದು ಅರ್ಥ. ಇನ್ನೊಂದು ಮಾತು ನಮ್ಮಂಥವರಿಗೆ ಯಾರೂ ಹೇಳುವುದಿಲ್ಲ. ತಲೆಯ ಮೇಲೆ ತುರುಬು ಕಟ್ಟಿದರೆ ಹೆಲ್ಮೆಟ್ಟು ಪೂರ್ತಿ ಕೆಳಗೆ ಕೂರುವುದಿಲ್ಲ, ಹಣೆ ತೆರೆದೇ ಇರುತ್ತದೆ. ಕತ್ತಿನ ಹತ್ತಿರ ಜಡೆ ಹೆಣೆದು, ಹೆಲ್ಮೆಟ್ ಹಾಕಿ, ಶಾಲೆಯಲ್ಲಿ ಬೇಕಾದರೆ ತುರುಬು ಮಾಡಿಕೊಳ್ಳಿ. ಮುಖದ ಮುಂದಿನ ವೈಸರ್ ಬಣ್ಣವಿಲ್ಲದ, ಪಾರದರ್ಶಕವಾದದ್ದೇ ಇರಲಿ. ಕಪ್ಪು ವೈಸರ್ ನಮ್ಮ ಮಳೆಯ ಕತ್ತಲೆಗೆ ಆಗದು. ಮಂಜು ಕಟ್ಟಿದರೆ ಒಂದು ಗೆರೆಯಷ್ಟು ಎತ್ತಿ, ಗಾಳಿ ಆಡಲಿ.

ಆಮೇಲೆ ರೇನ್‌ಕೋಟು. ಮೇಲಿಂದ ಹೊದೆಯುವ ನಿಲುವಂಗಿ ಥರದ್ದು ಬೇಡ. ಗಾಳಿಗೆ ಅದು ಹಾರುತ್ತದೆ, ಅಂಚು ಚಕ್ರದ ಹತ್ತಿರ ಹೋಗುತ್ತದೆ, ಹಿಂದಿನ ಲೈಟನ್ನೂ ಮುಚ್ಚುತ್ತದೆ. ಪ್ಯಾಂಟು, ಜಾಕೆಟ್ ಬೇರೆ ಬೇರೆ ಇರುವುದೇ ಸರಿ. ಹಳದಿ ಅಥವಾ ಕಿತ್ತಳೆ ಬಣ್ಣ ನೋಡಿ. ಗಾಜನೂರು ದಾಟಿ ಮರಗಳ ನಡುವಿನ ರಸ್ತೆಯಲ್ಲಿ, ಮಳೆ ಬೀಳುವಾಗ ಕಪ್ಪು ರೇನ್‌ಕೋಟಿನವರು ಎದುರಿನ ಬಸ್ಸಿನವರಿಗೆ ಕಾಣುವುದೇ ಇಲ್ಲ. ಚಪ್ಪಲಿ ಹಿಮ್ಮಡಿಗೆ ಪಟ್ಟಿ ಇರುವುದು. ದುಪಟ್ಟಾ ಸುತ್ತಿ ಜಾಕೆಟ್ಟಿನ ಒಳಗೆ.

ಆ ದಪ್ಪ ಸೀಟ್ ಕವರ್ ಮಾತ್ರ ಬೇಡವೇ ಬೇಡ. ನಿಮ್ಮ ಗಾಡಿಯ ಸೀಟು ನೆಲದಿಂದ ಸುಮಾರು 765 ಮಿಲಿಮೀಟರ್ ಎತ್ತರ. ಈಗಲೇ ನಿಮಗೆ ಬೆರಳ ತುದಿ ತಾಗುತ್ತಿದೆ. ಸ್ಪಂಜು ಹಾಕಿಸಿದರೆ ಇನ್ನೂ ಮೇಲೆ ಹೋಗುತ್ತೀರಿ, ಅಗಲವೂ ಆಗುತ್ತದೆ. ಅದು ನೀರನ್ನೂ ಕುಡಿಯುತ್ತದೆ, ಮೂರು ದಿನ ಒದ್ದೆ ಬಟ್ಟೆಯ ವಾಸನೆ. ತೆಳು ರೆಕ್ಸಿನ್ ಕವರ್ ಸಾಕು, ಅದೂ ಜಾರದಂಥದ್ದು. ಕೂರುವಾಗ ಸೀಟಿನ ಮುಂದಿನ ಕಿರಿದಾದ ಭಾಗಕ್ಕೆ ಬನ್ನಿ. ನಿಲ್ಲಿಸುವಾಗ ಎಡಗಾಲು ಒಂದನ್ನೇ ಪೂರ್ತಿ ಊರಿ. ಎರಡೂ ಕಾಲು ಊರಲೇಬೇಕು ಎಂದೇನಿಲ್ಲ.

ಮಿರರ್ ಬದಲಾಯಿಸಬೇಡಿ. ಸ್ಟೈಲಿನ ಚಿಕ್ಕ ಮಿರರ್‌ಗಳಲ್ಲಿ ನಿಮ್ಮ ಭುಜ ಬಿಟ್ಟು ಏನೂ ಕಾಣುವುದಿಲ್ಲ. ಕಂಪನಿಯದ್ದನ್ನೇ ಸರಿಯಾಗಿ ತಿರುಗಿಸಿಕೊಳ್ಳಿ. ಒಳಗಿನ ಅಂಚಿನಲ್ಲಿ ಭುಜದ ತುದಿ ಸ್ವಲ್ಪ, ಉಳಿದದ್ದೆಲ್ಲ ಹಿಂದಿನ ರಸ್ತೆ. ಉಬ್ಬುಗನ್ನಡಿ ಆದ್ದರಿಂದ ಹಿಂದಿನ ಲಾರಿ ಕಾಣುವುದಕ್ಕಿಂತ ಹತ್ತಿರವೇ ಇರುತ್ತದೆ, ಅದು ನೆನಪಿರಲಿ.

ಹತ್ತು ಹನ್ನೆರಡರ ಸ್ಪ್ಯಾನರ್ ಬರೆದದ್ದು:

ಮೇಡಂ, ನಾನು ಗ್ಯಾರೇಜ್ ಕೆಲಸದವನು. ಅಕ್ಕ ಹೇಳಿದ್ದು ಎಲ್ಲ ಸರಿ. ಲೈಟು ಹಾರ್ನಿನ ವಿಷಯ ನಾನು ಹೇಳುತ್ತೇನೆ.

ಮೊದಲ ಸರ್ವಿಸ್ ಆಗುವ ತನಕ ವೈರಿಂಗ್ ಮುಟ್ಟಿಸಬೇಡಿ. ಹೊರಗಿನ ಲೈಟು, ಹಾರ್ನು ಹಾಕುವವರು ಹೆಚ್ಚಿನವರು ಕಂಪನಿಯ ವೈರ್ ಸುಲಿದು ಅದಕ್ಕೇ ಸುತ್ತುತ್ತಾರೆ. ರಿಲೇ (ಹೆಚ್ಚು ಕರೆಂಟನ್ನು ಬೇರೆ ದಾರಿಯಲ್ಲಿ ಕೊಡುವ ಸ್ವಿಚ್) ಹಾಕುವುದಿಲ್ಲ, ಫ್ಯೂಸ್ ಹಾಕುವುದಿಲ್ಲ. ಮಳೆಗಾಲದಲ್ಲಿ ಆ ಜಾಯಿಂಟಿಗೆ ನೀರು ಇಳಿದು ಹಸಿರು ಕಟ್ಟುತ್ತದೆ. ಆಮೇಲೆ ಒಂದು ದಿನ ಸೆಲ್ಫ್ ಇಲ್ಲ, ಇನ್ನೊಂದು ದಿನ ಇಂಡಿಕೇಟರ್ ಇಲ್ಲ. ವೈರ್ ಕತ್ತರಿಸಿದ್ದು ಕಂಡರೆ ಎಲೆಕ್ಟ್ರಿಕಲ್ ವಾರಂಟಿ ಕೊಡಲು ಕಂಪನಿಯವರು ತಕರಾರು ಮಾಡುತ್ತಾರೆ. ಆಕ್ಟಿವಾದ ಬ್ಯಾಟರಿ 12 ವೋಲ್ಟ್, 3 ಆಂಪಿಯರ್ ಅವರ್ ಅಷ್ಟೇ. ಅದು ಚಿಕ್ಕದು. ಎಷ್ಟು ಲೋಡ್ ಹಾಕಿದರೂ ಎಳೆಯುತ್ತದೆ ಅಂದುಕೊಳ್ಳಬಾರದು.

ಬೆಳಕು ಸಾಲದು ಅನಿಸಿದರೆ ಮೊದಲು ಹೆಡ್‌ಲೈಟ್ ಎತ್ತರ ಸರಿ ಮಾಡಿಸಿ. ಅದಕ್ಕೊಂದು ಸ್ಕ್ರೂ ಇದೆ, ಎರಡು ನಿಮಿಷದ ಕೆಲಸ. ಹ್ಯಾಲೊಜೆನ್ ಲೈಟಿನ ಗಾಡಿಯಾದರೆ ಅದಕ್ಕೆ ಬಿಳಿ ಎಲ್‌ಇಡಿ ಬಲ್ಬ್ ತುರುಕಬೇಡಿ. ಆ ರಿಫ್ಲೆಕ್ಟರ್ ಅದಕ್ಕಾಗಿ ಮಾಡಿದ್ದಲ್ಲ. ಬೆಳಕು ರಸ್ತೆಗೆ ಬೀಳುವ ಬದಲು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕುರುಡಾದ ಲಾರಿ ಡ್ರೈವರ್ ನಿಮ್ಮ ಕಡೆಗೇ ಬರುತ್ತಾನೆ, ಅದರಿಂದ ನಿಮಗೇ ಅಪಾಯ ಅಲ್ವಾ?

ದುಡ್ಡು ಖರ್ಚಿಲ್ಲದ ಕೆಲಸ ಟೈರಿನ ಗಾಳಿ. ಮುಂದಿನ ಟೈರಿಗೆ 22 ಪಿಎಸ್‌ಐ. ಹಿಂದಿನ ಟೈರಿಗೆ ಗಾಡಿಯಲ್ಲಿ ನೀವೊಬ್ಬರೇ ಇದ್ದರೆ 29, ಇಬ್ಬರಿದ್ದರೆ 36. ಬಂಕಿನಲ್ಲಿ ಹುಡುಗರು ಎರಡಕ್ಕೂ ಒಂದೇ ಲೆಕ್ಕದಲ್ಲಿ ತುಂಬಿಬಿಡುತ್ತಾರೆ. ನೀವೇ ನಂಬರ್ ಹೇಳಿ. ಮುಂದಿನ ಟೈರಿಗೆ ಜಾಸ್ತಿ ಆದರೆ ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯಾಗುತ್ತದೆ. ಹೊಸ ಟೈರಿನ ಮೇಲ್ಮೈ ನುಣ್ಣಗಿರುತ್ತದೆ, ಮೊದಲ ನೂರು ನೂರೈವತ್ತು ಕಿಲೋಮೀಟರ್ ತಿರುವಿನಲ್ಲಿ ವಾಲಿಸಬೇಡಿ. ಮೊದಲ 500 ಕಿಲೋಮೀಟರ್ ಆಕ್ಸಿಲರೇಟರ್ ಪೂರ್ತಿ ತಿರುಗಿಸಬೇಡಿ.

ಗಾಜನೂರು ಟೀಚರ್ ಬರೆದದ್ದು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಜಡೆ ಹೆಣೆದುಕೊಂಡೇ ಅಂಗಡಿಗೆ ಹೋಗಿ ಹೆಲ್ಮೆಟ್ ತಂದೆ. ಸೀರೆ ಗಾರ್ಡ್ ಇದೆ. ಗಾಳಿ ನೋಡಿಸಿದರೆ ಎರಡೂ ಟೈರಿನಲ್ಲಿ 35 ಇತ್ತು! ಕಡಿಮೆ ಮಾಡಿಸಿದ ಮೇಲೆ ಹಂಪಿನಲ್ಲಿ ಕುಕ್ಕುವುದು ಎಷ್ಟೋ ಕಡಿಮೆ ಆಗಿದೆ.

ಇನ್ನು ಮೂರು ಅನುಮಾನ ಇವೆ. ಸುತ್ತ ಗಾರ್ಡ್ ಹಾಕಿಸಲೇ ಬೇಡವಾ? ನಾನು ಕಲಿಯುವವಳು, ಬೀಳಿಸುತ್ತೇನೋ ಎಂಬ ಭಯ. ಮೊಬೈಲ್ ಹೋಲ್ಡರ್ ಬೇಕಾ? ಬ್ಯಾಕ್‌ರೆಸ್ಟ್ ವಿಷಯ ಯಾರೂ ಹೇಳಲಿಲ್ಲ.

ಎಡಬದಿ ಸವಾರ ಬರೆದದ್ದು:

ಬ್ಯಾಕ್‌ರೆಸ್ಟಿಗಿಂತ ಮುಂಚೆ ಒಂದು ವಿಷಯ ತಿಳಿದುಕೊಳ್ಳಿ ಮೇಡಂ. ಎಲ್‌ಎಲ್ ಇರುವಾಗ ಹಿಂದೆ ಯಾರನ್ನೂ ಕೂರಿಸುವ ಹಾಗಿಲ್ಲ. ಡಿಎಲ್ ಇದ್ದು ನಿಮಗೆ ಕಲಿಸುವವರು ಮಾತ್ರ ಕೂರಬಹುದು. ನಿಮ್ಮ ತಮ್ಮನಿಗೆ ಡಿಎಲ್ ಇದ್ದರೆ ತೊಂದರೆ ಇಲ್ಲ. ಆ ಟೀಚರ್ ಹತ್ತುವುದು ನಿಮ್ಮ ಡಿಎಲ್ ಬಂದ ಮೇಲೇ. ಎಲ್‌ಎಲ್ ಆಗಿ 30 ದಿನ ಕಳೆದ ಮೇಲೆ ಟೆಸ್ಟ್ ಕೊಡಬಹುದು, ಎಲ್‌ಎಲ್‌ಗೆ 6 ತಿಂಗಳು ಅವಧಿ ಇದೆ. ಅಲ್ಲಿಯ ತನಕ ಹಿಂದೆ ಮುಂದೆ ಬಿಳಿ ಮೇಲೆ ಕೆಂಪು ಎಲ್ ಬೋರ್ಡ್ ಅಂಟಿಸಿ. ನಂಬರ್ ಪ್ಲೇಟ್ ಮೇಲೆ ಅಂಟಿಸಬೇಡಿ. ಡಿಎಲ್ ಬಂದ ಮೇಲೆ ಆ ಟೀಚರಿಗೂ ಹೆಲ್ಮೆಟ್ ಬೇಕೇ ಬೇಕು. ನಮ್ಮ ರಾಜ್ಯದಲ್ಲಿ 2016ರಿಂದ ಹಿಂದೆ ಕೂರುವವರಿಗೂ ಕಡ್ಡಾಯ. ಹಾಗಾಗಿ ಬ್ಯಾಕ್‌ರೆಸ್ಟಿನ ದುಡ್ಡು ಎರಡನೇ ಹೆಲ್ಮೆಟ್ಟಿಗೆ ಎತ್ತಿಡಿ.

ಇನ್ಶೂರೆನ್ಸ್ ಪೇಪರ್ ಕೂಡ ತೆಗೆದು ಓದಿ. ಹೊಸ ಗಾಡಿಗೆ ಥರ್ಡ್ ಪಾರ್ಟಿ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ, 5 ವರ್ಷಕ್ಕೆ ಇರುತ್ತದೆ. ನಿಮ್ಮ ಗಾಡಿಯ ಹಾನಿಗೆ ಇರುವುದು ಸಾಮಾನ್ಯವಾಗಿ 1 ವರ್ಷಕ್ಕೆ ಮಾತ್ರ. ಐದು ವರ್ಷ ಎಲ್ಲ ಸೇರಿದೆ ಎಂದುಕೊಂಡು ಎಷ್ಟೋ ಜನ ಎರಡನೇ ವರ್ಷ ರಿನ್ಯೂ ಮಾಡಿಸುವುದಿಲ್ಲ.

ಹತ್ತು ಹನ್ನೆರಡರ ಸ್ಪ್ಯಾನರ್ ಬರೆದದ್ದು:

ಸುತ್ತ ಗಾರ್ಡ್ ನಿಮಗೆ ಬೇಡ ಮೇಡಂ. ಗಾಡಿ ಈಗಲೇ 106 ಕೆಜಿ ಹತ್ತಿರ ಇದೆ. ಅದನ್ನು ತಳ್ಳಬೇಕು, ಸ್ಟ್ಯಾಂಡ್ ಹಾಕಬೇಕು, ತಿರುಗಿಸಬೇಕು. ಅದರ ಮೇಲೆ ಕಬ್ಬಿಣ ಹೊರಿಸಿದರೆ ನಿಂತಲ್ಲೇ ಬೀಳಿಸುವ ಸಂಭವವೇ ಜಾಸ್ತಿ. ಅಗಲವೂ ಹೆಚ್ಚಾಗಿ ಪಕ್ಕದ ಗಾಡಿಗೆ ತಗಲುತ್ತದೆ. ಆಕ್ಟಿವಾ ಬಾಡಿ ಹೆಚ್ಚಿನ ಕಡೆ ತಗಡಿನದು. ತಗ್ಗು ಬಿದ್ದರೆ ತಟ್ಟಿ ಎತ್ತಬಹುದು, ಪ್ಲಾಸ್ಟಿಕ್ಕಿನ ಹಾಗೆ ಒಡೆದು ಹೋಗುವುದಿಲ್ಲ. ಭಯ ಹೋಗಲಿಲ್ಲ ಅಂದರೆ ಮುಂದೊಂದು ಚಿಕ್ಕ ಗಾರ್ಡ್ ಹಾಕಿಸಿ. ಕಂಪನಿ ಕೊಟ್ಟ ಬೋಲ್ಟಿನ ಜಾಗಕ್ಕೇ ಕೂರುವಂಥದ್ದು ಕೇಳಿ, ವೆಲ್ಡಿಂಗ್ ಬೇಡ.

ಮೊಬೈಲ್ ಹೋಲ್ಡರ್ ಯಾಕೆ? ಶಾಲೆಯ ದಾರಿಗೆ ಮ್ಯಾಪ್ ಬೇಡ. ಕಣ್ಣು ಸುಮ್ನೆ ಅದರ ಮೇಲೆ ಹೋಗುತ್ತಿರುತ್ತದೆ. ಎಂಜಿನ್ ಅದುರಿಗೆ ಫೋನಿನ ಕ್ಯಾಮೆರಾ ಹಾಳಾಗಬಹುದು ಎಂದು 2021ರಲ್ಲಿ ಆ್ಯಪಲ್ ಕಂಪನಿಯೇ ಹೇಳಿದೆ. ಆ ದುಡ್ಡಿನಲ್ಲಿ ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಮತ್ತು ಮೀಟರ್ ಇರುವ ಕಾಲು ಪಂಪ್ ತಂದು ಸೀಟಿನ ಕೆಳಗಿನ ಡಿಕ್ಕಿಯಲ್ಲಿಡಿ. ಡಿಕ್ಕಿ 18 ಲೀಟರಿನದು, ಫುಲ್ ಫೇಸ್ ಹೆಲ್ಮೆಟ್ ಹೇಗೂ ಹಿಡಿಯುವುದು ಕಷ್ಟ. ಕಿಟ್ಟು, ರೇನ್‌ಕೋಟು ಆರಾಮಾಗಿ ಹಿಡಿಯುತ್ತವೆ. ಊಟದ ಡಬ್ಬಿ ಅದರಲ್ಲಿಡಬೇಡಿ, ಕೆಳಗಿನ ಎಂಜಿನ್ ಬಿಸಿಗೆ ಮೊಸರನ್ನ ಹುಳಿಯುತ್ತದೆ.

ತುಂಗೆಯ ದಡ ಬರೆದದ್ದು:

ಮಳೆಯಲ್ಲಿ ಓಡಿಸುವುದರ ಬಗ್ಗೆ ಎರಡು ಮಾತು ಉಳಿದಿತ್ತು. ನಿಮ್ಮ ಗಾಡಿಯಲ್ಲಿ ಎಡಗೈ ಬ್ರೇಕ್ ಒತ್ತಿದರೆ ಹಿಂದಿನದರ ಜೊತೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. 125 ಸಿಸಿ ತನಕದ ಗಾಡಿಗಳಿಗೆ 2019ರಿಂದ ಈ ವ್ಯವಸ್ಥೆ ಕಡ್ಡಾಯ ಆಗಿದೆ. ಆದರೂ ಎರಡೂ ಕೈ ಸೇರಿಸಿ, ಮೆಲ್ಲಗೆ, ಮುಂಚಿನಿಂದಲೇ ಹಿಡಿಯುವುದನ್ನು ಮೈದಾನದಲ್ಲೇ ಅಭ್ಯಾಸ ಮಾಡಿ. ನಿಂತ ನೀರಿನಲ್ಲಿ ಹೋದ ಮೇಲೆ ಡ್ರಮ್ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಸ್ವಲ್ಪ ದೂರ ನಿಧಾನಕ್ಕೆ ಹೋಗುತ್ತಾ ಬ್ರೇಕನ್ನು ಹಗುರಾಗಿ ಒತ್ತಿ ಒತ್ತಿ ಬಿಡಿ, ಒಣಗುತ್ತದೆ. ನೀರಿನ ನಡುವೆ ಎಂಜಿನ್ ನಿಂತರೆ ಸೆಲ್ಫ್ ಒತ್ತಬೇಡಿ. ತಳ್ಳಿಕೊಂಡು ಮೇಲೆ ಬನ್ನಿ, ಗ್ಯಾರೇಜಿನವರಿಗೆ ಫೋನ್ ಮಾಡಿ.

ಶಾಲೆಯ ಅಂಗಳ ಮಣ್ಣಿನದ್ದಾ? ಹಾಗಿದ್ದರೆ ಸೈಡ್ ಸ್ಟ್ಯಾಂಡ್ ಹಾಕಬೇಡಿ. ಮಳೆಗೆ ಮಣ್ಣು ಮೆತ್ತಗಾಗಿ ಸ್ಟ್ಯಾಂಡ್ ಇಳಿಯುತ್ತದೆ, ಗಾಡಿ ಮಗುಚುತ್ತದೆ. ಒಂದು ಹಲಗೆ ತುಂಡೋ ಚಪ್ಪಟೆ ಕಲ್ಲೋ ಇಟ್ಟು ಅದರ ಮೇಲೆ ದೊಡ್ಡ ಸ್ಟ್ಯಾಂಡ್ ಹಾಕಿ.

ಗಾಜನೂರು ಟೀಚರ್ ಬರೆದದ್ದು:

ಮಣ್ಣಿನ ಅಂಗಳವೇ ಅಕ್ಕ. ಆದರೆ ದೊಡ್ಡ ಸ್ಟ್ಯಾಂಡ್ ಹಾಕಲು ನನಗೆ ಆಗುತ್ತಿಲ್ಲ. ಹಿಂದಿನ ಹಿಡಿಕೆ ಹಿಡಿದು ಎಳೆದೂ ಎಳೆದೂ ಸೊಂಟ ನೋಯುತ್ತದೆ.

ತುಂಗೆಯ ದಡ ಬರೆದದ್ದು:

ಎಳೆಯಬಾರದು ಟೀಚರೇ. ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಹಿಂದಿನ ಹಿಡಿಕೆ ಮೇಲೆ ಇರಲಿ. ಬಲಗಾಲಿನಿಂದ ಸ್ಟ್ಯಾಂಡ್ ಇಳಿಸಿ. ಅದರ ಎರಡೂ ಕಾಲು ಒಟ್ಟಿಗೆ ನೆಲಕ್ಕೆ ತಾಗುವ ತನಕ ಗಾಡಿ ನೆಟ್ಟಗೆ ಮಾಡಿ, ತಾಗಿದ್ದು ಕೈಗೆ ಗೊತ್ತಾಗುತ್ತದೆ. ಈಗ ನಿಮ್ಮ ಪೂರ್ತಿ ಭಾರವನ್ನು ಆ ಸ್ಟ್ಯಾಂಡಿನ ಮೇಲೆ, ಮೆಟ್ಟಿಲು ಹತ್ತುವ ಹಾಗೆ, ಇಳಿಬಿಡಿ. ಗಾಡಿ ತಾನಾಗಿ ಹಿಂದಕ್ಕೆ ಹೋಗಿ ಕೂರುತ್ತದೆ, ಕೈ ಬರೀ ದಾರಿ ತೋರಿಸಿದರೆ ಸಾಕು. ಮೊದಲು ಮನೆಯ ಸಿಮೆಂಟ್ ನೆಲದ ಮೇಲೆ ತಮ್ಮನನ್ನು ಆಚೆ ಬದಿಯಲ್ಲಿ ನಿಲ್ಲಿಸಿಕೊಂಡು ಮಾಡಿ ನೋಡಿ.