ಹಡಗು ರಿಪೇರಿ ಕೋರ್ಸಿನ ಸಿಲಬಸ್‌ಗೆ ಯಾರನ್ನ ಕೇಳಬೇಕು?

ಪ್ರಶ್ನೆ (ಪಾಲಿಟೆಕ್ನಿಕ್ ಉಪನ್ಯಾಸಕಿ, ಬೆಂಗಳೂರು):
ಸರ್, ಶಿಪ್‌ಯಾರ್ಡ್ ಕೆಲಸಕ್ಕೆ ಹುಡುಗರನ್ನ ತಯಾರು ಮಾಡೋ ಆರು ತಿಂಗಳ ಕೋರ್ಸ್ ತರೋಣ ಅಂತಿದ್ದಾರೆ ನಮ್ಮ ಪ್ರಿನ್ಸಿಪಾಲರು. ಸಿಲಬಸ್ ನನ್ನ ತಲೆಗೆ ಬಿದ್ದಿದೆ. ಇಲ್ಲಿ ಸಮುದ್ರವೂ ಇಲ್ಲ, ಹಡಗೂ ಇಲ್ಲ. ಅಲ್ಲಿನವರಿಗೆ ಯಾವ್ಯಾವ ಕೆಲಸ ಗೊತ್ತಿರಬೇಕು ಅಂತ ಕಂಡುಹಿಡಿಯೋದು ಹೇಗೆ? ನಾವಿಕರ ತರಬೇತಿಗೆ ಅಂತ ಇರೋ ಅಂತರರಾಷ್ಟ್ರೀಯ ಒಪ್ಪಂದ ಎಸ್‌ಟಿಸಿಡಬ್ಲ್ಯೂ ನೋಡಿದ್ರೆ ಸಾಕಾ?

ಉತ್ತರ (ಮರೈನ್ ಎಂಜಿನಿಯರ್):
ಸಾಕಾಗಲ್ಲ ಮೇಡಂ. 1978ರ ಆ ಒಪ್ಪಂದ, 2010ರ ಮನಿಲಾ ತಿದ್ದುಪಡಿ ಎಲ್ಲ ಇರೋದು ಹಡಗಿನಲ್ಲಿ ಹೋಗೋರಿಗೆ. ಯಾರ್ಡ್ ಫಿಟ್ಟರ್‌ಗೆ, ವೆಲ್ಡರ್‌ಗೆ ಅಲ್ಲ. ಅದರ ಕೋಷ್ಟಕದ ಅಚ್ಚನ್ನ ಮಾತ್ರ ಧಾರಾಳವಾಗಿ ಎತ್ತಿಕೊಳ್ಳಿ. ನಾಲ್ಕು ಕಾಲಂ: ಏನು ಮಾಡಲು ಬರಬೇಕು, ಅದಕ್ಕೆ ಬೇಕಾದ ತಿಳಿವಳಿಕೆ, ಹೇಗೆ ಮಾಡಿ ತೋರಿಸಬೇಕು, ಯಾವ ಮಟ್ಟದಲ್ಲಿದ್ದರೆ ಪಾಸ್. ನಮ್ಮ ಸಿಲಬಸ್‌ಗಳಲ್ಲಿ ಎರಡನೇದು ತುಂಬಿ ತುಳುಕುತ್ತೆ, ಕೊನೆಯವೆರಡು ಖಾಲಿ.

ಎಚ್‌ಆರ್‌ನವರಿಗೆ ಫಾರ್ಮ್ ಕಳಿಸೋಕೆ ಹೋಗಬೇಡಿ, ‘ಟೀಮ್‌ವರ್ಕ್, ಕಮ್ಯುನಿಕೇಶನ್’ ಅಂತ ತುಂಬಿ ಕಳಿಸ್ತಾರೆ. ‘ಡಾಕಮ್’ ಅಂತ ಒಂದು ಪದ್ಧತಿ ಇದೆ. ಆ ಕೆಲಸದಲ್ಲಿ ಪಳಗಿದ ಏಳೆಂಟು ಜನರನ್ನ ಎರಡು ದಿನ ಕೂರಿಸಿ, ಅವರು ಹೇಳಿದ ಒಂದೊಂದು ಕೆಲಸವನ್ನೂ ಒಂದೊಂದು ಚೀಟಿಗೆ ಬರೆದು ಗೋಡೆಗೆ ಅಂಟಿಸೋದು. ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೆ, ರಾತ್ರಿ ಬಸ್ಸು ಹತ್ತಿದರೆ ಆಯ್ತು. ‘ಏನು ಕಲಿಸಬೇಕು’ ಅಂತ ಕೇಳಬೇಡಿ. ‘ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದ್ರಿ’ ಅಂತ ಕೇಳಿ.

ಆಗ ವ್ಯತ್ಯಾಸ ಕಾಣುತ್ತೆ. ಕಾಲೇಜಲ್ಲಿ ಪ್ಲೇಟನ್ನ ಮೇಜಿನ ಮೇಲಿಟ್ಟು 1ಜಿ ವೆಲ್ಡಿಂಗ್ ಕಲಿಸ್ತೀವಿ. ಹಡಗಿನಡಿ ಪ್ಲೇಟ್ ತಲೆ ಮೇಲಿರುತ್ತೆ, ಅದು 4ಜಿ. ಕಿಡಿ ನೇರ ಕಾಲರ್ ಒಳಗೆ. ಇನ್ನು ಮುಚ್ಚಿದ ಟ್ಯಾಂಕು. ತುಕ್ಕು ಹಿಡಿಯೋ ಕಬ್ಬಿಣ ಒಳಗಿನ ಆಕ್ಸಿಜನ್ ಹೀರಿಕೊಂಡಿರುತ್ತೆ, ವಾಸನೆಯಿಂದ ಗೊತ್ತಾಗೋದೇ ಇಲ್ಲ. ಮಾಮೂಲಿ ಗಾಳಿಯಲ್ಲಿ ಆಕ್ಸಿಜನ್ ಸುಮಾರು 20.9%. ಮೀಟರ್ ಕಡಿಮೆ ತೋರಿಸಿದಾಗ, ಮೇಸ್ತ್ರಿ ಎಷ್ಟೇ ಅವಸರ ಮಾಡಿದರೂ ‘ಇಳಿಯಲ್ಲ’ ಅನ್ನೋದೂ ಪರೀಕ್ಷೆ ಮಾಡಬೇಕಾದ ಸಾಮರ್ಥ್ಯವೇ.

ಪ್ರಶ್ನೆ:
ಚೀಟಿಗಳೇ ನೂರು ದಾಟಿದ್ರೆ? ಆರು ತಿಂಗಳು ಎಲ್ಲಿ ಸಾಲುತ್ತೆ ಸರ್?

ಉತ್ತರ:
ಪ್ರತಿ ಚೀಟಿಗೂ ಅವರಿಂದಲೇ ಅಂಕ ಹಾಕಿಸಿ: ಎಷ್ಟು ಸಲ ಮಾಡ್ತಾರೆ, ಕಲಿಯೋದು ಎಷ್ಟು ಕಷ್ಟ, ತಪ್ಪಿದರೆ ಏನಾಗುತ್ತೆ. ದಿನಾ ಮಾಡೋ ಸುಲಭದ್ದನ್ನ ಬಿಡಿ, ವಾರದಲ್ಲಿ ಯಾರ್ಡೇ ಕಲಿಸುತ್ತೆ. ಅಪರೂಪಕ್ಕೆ ಬಂದರೂ ಜೀವ ತೆಗೆಯೋದನ್ನ ಬಿಡಬೇಡಿ.

ಪಂಪು, ವಾಲ್ವು, ಹೈಡ್ರಾಲಿಕ್ಸ್ ಪ್ರಾಕ್ಟಿಕಲ್ ಪೀಣ್ಯದಲ್ಲೇ ಆಗುತ್ತೆ. ನೀರು ಖಾಲಿ ಮಾಡಿ ಹಡಗನ್ನ ಒಣಗೆ ನಿಲ್ಲಿಸಿ ರಿಪೇರಿ ಮಾಡೋ ಡ್ರೈಡಾಕ್ ಇಲ್ಲಿ ಎಲ್ಲಿಂದ ತರೋದು? ಕೊನೆಯ ತಿಂಗಳು ಕರಾವಳಿಗೇ ಕಳಿಸಿ. ಊಟ, ವಸತಿ ಖರ್ಚನ್ನ ಈಗಲೇ ಬಜೆಟ್‌ಗೆ ಸೇರಿಸಿಬಿಡಿ. ಆಮೇಲೆ ಕೇಳಿದ್ರೆ ಯಾವ ಪ್ರಿನ್ಸಿಪಾಲರೂ ಕೊಡಲ್ಲ.